ಇಗ್ಲೂ ಬಾಗಿಲಿನ ನಗುಮುಖ

ನಮ್ಮ ಮಕ್ಕಳ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ‘ಐ’ ಎಂದರೆ ಇಗ್ಲೂ. ಹಿಮದ ಮನೆ, ಬಾಗಿಲಲ್ಲಿ ತುಪ್ಪಳದ ಅಂಗಿ ತೊಟ್ಟ ನಗುಮುಖ. ಕೆನಡಾದ ಉತ್ತರದಲ್ಲಿರುವ ಇನುಯಿಟ್ ಜನರ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚುಕಡಿಮೆ ಅಷ್ಟೇ. ಇದರಲ್ಲಿ ದ್ವೇಷವೇನೂ ಇಲ್ಲ, ಬರೀ ತಮಾಷೆ. ಆದರೆ ದ್ವೇಷವಿಲ್ಲದ ಮಾತ್ರಕ್ಕೆ ತಪ್ಪು ತಿಳಿವಳಿಕೆ ನಿರಪಾಯಕಾರಿಯೇ?

ಈ ಚಿತ್ರವನ್ನು ಜಗತ್ತಿನಲ್ಲೆಲ್ಲ ಹರಡಿದ್ದರಲ್ಲಿ ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದ ನಾರ್ತ್’ (1922) ಸಿನಿಮಾದ ಪಾಲು ದೊಡ್ಡದು. ನಾನೂಕ್ ಪಾತ್ರ ಮಾಡಿದವನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಆತನ ಜನ ಆಗಲೇ ಬಂದೂಕು ಬಳಸುತ್ತಿದ್ದರು. ಸಿನಿಮಾಕ್ಕಾಗಿ ಈಟಿ ಹಿಡಿದರು. ಇಗ್ಲೂ ಒಳಗೆ ಕ್ಯಾಮರಾಕ್ಕೆ ಬೆಳಕು ಸಾಲದೆಂದು ಒಂದು ಬದಿ ತೆರೆದಿಟ್ಟ ಇಗ್ಲೂ ಕಟ್ಟಲಾಯಿತು. ಮನೆಮಂದಿಯಾಗಿ ನಟಿಸಿದವರು ಆ ಚಳಿಯಲ್ಲೇ ನಿದ್ದೆಯಿಂದ ಏಳುವ ದೃಶ್ಯ ಅಭಿನಯಿಸಿದರು. ವ್ಯಾಪಾರಿಯ ಗ್ರಾಮಫೋನ್ ಕಂಡು ಬೆರಗಾಗಿ ಅದರ ತಟ್ಟೆಯನ್ನು ಕಚ್ಚಿ ನೋಡುವುದೂ ನಟನೆಯೇ. ಗ್ರಾಮಫೋನ್ ಎಂದರೇನೆಂದು ಆತನಿಗೆ ಗೊತ್ತಿತ್ತು. ಅಷ್ಟೇಕೆ, ಫಿಲ್ಮ್ ತೊಳೆಯುವ ಕೆಲಸಕ್ಕೆ ಹೆಗಲು ಕೊಟ್ಟವರೂ ಇನುಯಿಟ್ ಜನರೇ!

ತಟ್ಟೆ ಕಚ್ಚಿ ಆತ ನಕ್ಕ. ನೋಡಿದವರೂ ನಕ್ಕರು. ಆತ ನಕ್ಕಿದ್ದು ಆಟಕ್ಕೆ, ಇವರು ನಕ್ಕಿದ್ದು ಆತನ ದಡ್ಡತನಕ್ಕೆ.

ನಮ್ಮ ಹೆಸರು ಕೇಳಿದೊಡನೆ ಬಿರಿಯಾನಿಯ ಮಾತೆತ್ತುವ ಗೆಳೆಯರಿಗೂ ದ್ವೇಷವಿರುವುದಿಲ್ಲ. ನಾವೂ ನಗುತ್ತೇವೆ. ಹತ್ತನೆಯ ಸಲವೂ ನಗಬೇಕಾಗಿ ಬಂದಾಗ ಮಾತ್ರ, ಇವರು ನಮ್ಮನ್ನು ಬೇರೇನನ್ನೂ ಕೇಳಲಿಲ್ಲವಲ್ಲ ಎನಿಸುತ್ತದೆ. ಇನುಯಿಟರೇ ಬಹುಸಂಖ್ಯಾತರಾಗಿರುವ ನುನಾವುಟ್ ಪ್ರದೇಶ 1999ರಲ್ಲಿ ರಚನೆಯಾಯಿತು, ಅದಕ್ಕೆ ತನ್ನದೇ ಶಾಸನಸಭೆಯಿದೆ. ನಮ್ಮ ಅಕ್ಷರಮಾಲೆಯ ಮನುಷ್ಯ ಮಾತ್ರ ಇಗ್ಲೂ ಬಾಗಿಲಲ್ಲೇ ನಿಂತಿದ್ದಾನೆ.