ರೂಢಿಯಾಯಿತು ಎಂಬ ಮಾತು

ಕಷ್ಟದಲ್ಲಿರುವವರನ್ನು ಕುರಿತು ನಾವು ಆಡುವ ಮಾತುಗಳಲ್ಲಿ "ಅವರಿಗೆ ಅದು ರೂಢಿಯಾಗಿದೆ" ಎಂಬದು ಬಹು ಸುಲಭವಾದದ್ದು. ಅದರಲ್ಲಿ ನಿಂದೆಯಿಲ್ಲ, ಅನೇಕ ಸಾರಿ ಸುಳ್ಳೂ ಇಲ್ಲ. ಆದರೂ ಆ ಮಾತನ್ನು ಆಡುವ ಹಕ್ಕು ಯಾರಿಗುಂಟು ಎಂಬದನ್ನು ನಾವು ಸ್ವಲ್ಪ ವಿಚಾರಿಸತಕ್ಕದ್ದು. ಬೈಲಹೊಂಗಲದ ಸಂತೆಯ ದಿವಸ, ಶರಾವತಿಯ ಹಿನ್ನೀರಿನ ಆಚೆಗಿರುವ ಮನೆಗಳ ಸಂಗತಿಯನ್ನು ನಾನು ಹೇಳುತ್ತಿರಲಾಗಿ, ಸವದತ್ತಿಯ ಕಡೆಯ ಹಿರಿಯ ರೈತರೊಬ್ಬರು, "ಇರಲಿ ಬಿಡ್ರಿ, ಅವರಿಗೆ ರೂಢಿ ಆಗಿರತೈತಿ" ಅಂದರು. ಅವರ ಹೆಂಡತಿಯು ಪಕ್ಕದಲ್ಲಿಯೇ ಕೂತಿದ್ದಳು.

ಆ ಮನೆಗಳ ಕಥೆ ಹೀಗದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿಂದೆ ನೀರು ಸಮುದ್ರ ಮಟ್ಟದಿಂದ 1819 ಅಡಿಯ ವರೆಗೆ ನಿಲ್ಲುವ ಹಾಗಾಯಿತು. ಗದ್ದೆ, ತೋಟ, ಮನೆ, ದಾರಿಗಳು ಅದರೊಳಗೆ ಹೋದವು. ವಿದ್ಯುತ್ತಿಗೋಸ್ಕರವೇ 1948ರಲ್ಲಿ ಸಿದ್ಧವಾಗಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಸಹ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಅದು ಈಗಲೂ ತಲೆಯೆತ್ತುವದುಂಟು. ಬಹು ಕುಟುಂಬಗಳು ಬೇರೆ ಕಡೆಗೆ ಹೊರಟುಹೋದವು. ಕರೂರು, ಬಾರಂಗಿ ಹೋಬಳಿಗಳ ಎತ್ತರದ ನೆಲದಲ್ಲಿದ್ದವರು ಉಳಿದರು. ಅವರ ಭೂಮಿ ಪೂರಾ ದ್ವೀಪವಲ್ಲ, ಬೆನ್ನಿಗೆ ಕಾಡೂ ಘಟ್ಟವೂ ಇವೆ. ಆದರೆ ಸಾಗರ ಪಟ್ಟಣಕ್ಕೆ ಹೋಗುವ ಹತ್ತಿರದ ದಾರಿ ನೀರಿನಡಿಯಾದದ್ದರಿಂದ ಜನರು ಅದನ್ನು ದ್ವೀಪವೆಂದೇ ಕರೆದರು. ಸಾಗರದವರಾದ ಕ್ರೈಸ್ತ ಲೇಖಕ ನಾ. ಡಿಸೋಜ (1937–2025) ಅವರು ಈ ಮುಳುಗಡೆಯ ಜನರನ್ನೇ ಕುರಿತು ಬರೆದ ಒಂದು ಕಾದಂಬರಿಗೆ 'ದ್ವೀಪ' ಎಂಬ ಹೆಸರಿಟ್ಟರು.

ಮಳೆ ಬರಲೆಂದು ಆಕಾಶವನ್ನು ನೋಡುವ ಎರೆ ಹೊಲದವರಾದ ನಮಗೆ, ಮಳೆ ನಿಲ್ಲಲೆಂದು ಕಾಯುವ ಮನೆಯನ್ನು ಊಹಿಸುವದು ಕಷ್ಟ. ಅಲ್ಲಿ ಗೃಹಿಣಿಯು ಬೇಸಿಗೆಯಲ್ಲಿಯೇ ಮಳೆಗಾಲವನ್ನು ಬಾಳಬೇಕು. ಒಣ ಸೌದೆಯನ್ನು ಸೂರಿನ ಕೆಳಗೆ ಒಟ್ಟಬೇಕು. ಹಪ್ಪಳ, ಸಂಡಿಗೆಗಳನ್ನು ಒಣಗಿಸಬೇಕು. ಮಾವಿನ ಮಿಡಿಯನ್ನು ಉಪ್ಪಿನಲ್ಲಿಡಬೇಕು. ಹಲಸಿನ ಬೀಜವನ್ನು ಸಹ ಬಿಸಾಡುವ ಹಾಗಿಲ್ಲ. ಗುಡ್ಡದ ಒರತೆಯಿಂದ ಸೀಳಿದ ಅಡಿಕೆ ಮರದ ದಬ್ಬೆಯ ಮೇಲೆ ನೀರು ತಾನಾಗಿ ಅಂಗಳಕ್ಕೆ ಹರಿದು ಬರುವದು. (ಕೊಡ ಹೊತ್ತು ಕೆರೆಗೆ ನಡೆದ ನಮ್ಮ ಅಕ್ಕತಂಗಿಯರು ಇದನ್ನು ಓದಿ ಹೊಟ್ಟೆಕಿಚ್ಚುಪಟ್ಟರೆ ನಾನು ತಪ್ಪೆಣಿಸುವದಿಲ್ಲ.) ಉಪ್ಪು, ಎಣ್ಣೆ, ಬೆಂಕಿಪೆಟ್ಟಿಗೆ ಮುಗಿಯುವ ಮೊದಲೇ ಲೆಕ್ಕ ಹಾಕಬೇಕಾಗಿತ್ತು; ಯಾಕಂದರೆ ಅಂಗಡಿಗೂ ಮನೆಗೂ ನಡುವೆ ಲಾಂಚು ಇತ್ತು. ಅಂಬಾರಗೋಡ್ಲಿನ ದಡದಿಂದ ಕಳಸವಳ್ಳಿಗೆ ಅದು ಜನರನ್ನೂ ಬಂಡಿಗಳನ್ನೂ ದಾಟಿಸುತ್ತಿತ್ತು. ಸಂಜೆಯಾದ ಮೇಲೆ ನಿಲ್ಲುತ್ತಿತ್ತು. ಆ ಹೊತ್ತಿನ ತರುವಾಯ ಹೆರಿಗೆಯ ನೋವು ಬಂದರೆ, ಹಾವು ಕಚ್ಚಿದರೆ, ನೆರೆಯವನೇ ಗತಿ. ಹೀಗಿರಲಾಗಿ, ಜಗಳವಾಡಿದ ನೆರೆಯವನ ಸಂಗಡ ಬಹಳ ದಿವಸ ಮಾತು ಬಿಟ್ಟಿರುವದು ಅಂಥ ಸ್ಥಳದಲ್ಲಿ ಯಾರಿಗೂ ಕೈಲಾಗುವ ಮಾತಲ್ಲ.

ಇನ್ನೊಂದು ಸಂಗತಿ. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ರಾಜ್ಯದ ಪಟ್ಟಣಗಳನ್ನು ಬೆಳಗಿಸಿತು. ನೀರಿನ ದಡದಲ್ಲಿದ್ದ ಎಷ್ಟೋ ಮನೆಗಳಲ್ಲಿ ಮಾತ್ರ ಬಹು ವರ್ಷ ಚಿಮಣಿ ದೀಪವೇ ಇತ್ತು. ಮಲೆನಾಡಿನಲ್ಲಿ ಕೆಲವರು ಮನೆಯ ಹಿಂದಿನ ಹಳ್ಳದ ನೀರಿಗೆ ಚಿಕ್ಕ ಚಕ್ರ ಹೂಡಿ, ಕೆಲವರು ಬಿಸಿಲಿನ ಫಲಕಗಳನ್ನು ಇಟ್ಟು, ತಮ್ಮ ಬೆಳಕನ್ನು ತಾವೇ ಮಾಡಿಕೊಂಡರು.

ಇದೆಲ್ಲಾ ರೂಢಿಯೇ ಹೌದು. ಅದನ್ನು ಕಲಿತವರಿಗೆ ನಮ್ಮ ಕನಿಕರ ಬೇಡ; ಕನಿಕರಪಟ್ಟರೆ ಅವರು ನಕ್ಕಾರು. ಅಣೆಕಟ್ಟು ಕಟ್ಟಲೇಬಾರದಿತ್ತು ಎಂದು ಸಹ ನಾನು ಹೇಳುವದಿಲ್ಲ. ಬೆಳಕಿನ ಫಲವನ್ನು ಉಂಡವರಲ್ಲಿ ನಾನೂ ಒಬ್ಬನು. ಆದರೆ "ನನಗೆ ರೂಢಿಯಾಯಿತು" ಎಂದು ಆ ಮನೆಯವನು ಅಂದರೆ ಅದು ಅವನ ಗಳಿಕೆ, ವರ್ಷಗಳ ದುಡಿತದಿಂದ ಸಂಪಾದಿಸಿದ್ದು. "ಅವನಿಗೆ ರೂಢಿಯಾಯಿತು" ಎಂದು ಬೆಳಕಿನಲ್ಲಿ ಕೂತಿರುವ ನಾನು ಅಂದರೆ, ಅವನ ಗಳಿಕೆಯಿಂದ ನನ್ನ ಸಾಲವನ್ನು ತೀರಿಸಿದಂತಾಯಿತು. ಮಾತು ಒಂದೇ, ಬಾಯಿ ಬೇರೆ. ಆ ನೀರಿನ ಮೇಲೆ ಎರಡು ಕಿಲೋಮೀಟರಿಗಿಂತ ಉದ್ದವಾದ ಸೇತುವೆ 2025ರ ಜುಲೈ 14ರಂದು ತೆರೆಯಿತು. 1964ರಿಂದ ಎಣಿಸಿರಿ, 61 ವರ್ಷ. ಅಷ್ಟು ತಡವಾಗಲಿಕ್ಕೆ ಹಣವೂ ಕಾನೂನೂ ಕಾರಣಗಳಾಗಿದ್ದಾವು; ಆದರೆ ದಡದ ಈಚೆಗಿದ್ದವರ ಈ ಸುಲಭವಾದ ಮಾತೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಇದು ದೂರದ ಸಂಗತಿಯಲ್ಲ. ನಮ್ಮ ಮಲಪ್ರಭೆಗೂ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ 1972ರಲ್ಲಿ ಅಣೆಕಟ್ಟಾಯಿತು. ಕಾಲುವೆಯ ನೀರು ಹೊಲಗಳಿಗೆ ಹೋಯಿತು, ಕುಡಿಯುವ ನೀರು ಹುಬ್ಬಳ್ಳಿ ಧಾರವಾಡಗಳಿಗೆ ಹೋಯಿತು. ಹಿನ್ನೀರಿನಡಿಗೆ ಹೋದ ಊರುಗಳವರು ಹೊಸ ನೆಲದಲ್ಲಿ ಒಲೆ ಹೂಡಿದರು. 2019ರ ಆಗಸ್ಟಿನಲ್ಲಿ ಅದೇ ನದಿ ಮುನವಳ್ಳಿಗೂ ರಾಮದುರ್ಗಕ್ಕೂ ನುಗ್ಗಿದಾಗ, ನೀರಿನ ನಡುವೆ ಕತ್ತಲಲ್ಲಿ ಕೂತಿರುವದು ಹ್ಯಾಗಿರುವದೆಂದು ನಮ್ಮವರಲ್ಲಿ ಅನೇಕರು ಕೆಲವೇ ದಿವಸಗಳಲ್ಲಿ ತಿಳಿದುಕೊಂಡರು.

ಸಂತೆಯಲ್ಲಿ ಆ ಹಿರಿಯರು ತಮ್ಮ ಮಾತನ್ನು ಮುಗಿಸಿದ ಮೇಲೆ ಅವರ ಹೆಂಡತಿ, "ಏನ್ರೀ, ನಮ್ಮ ತವರಮನಿ ನೀರಾಗ ಹೋದಾಗೂ ಮಂದಿ ಹಿಂಗ ಅಂದಿದ್ದರು. ನಮ್ಮವ್ವಗ ಹೊಸ ಊರು ರೂಢಿ ಆತು ಅಂದ್ರು. ಆಕಿ ಸಾಯೂ ತನಕಾ ರಾತ್ರಿ ಎದ್ದು, ಬಾಗಲಾ ಹಳೇ ಮನ್ಯಾಗ ಇದ್ದ ಕಡೆಗೇ ಹೋಗಿ ಗೋಡೆ ತಡವತಿದ್ಳು" ಅಂದಳು. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ನನ್ನ ಕಡೆಗೆ ತಿರುಗಿ, ಆ ಸೇತುವೆಯ ಮೇಲೆ ಈಗ ರಾತ್ರಿಯೂ ಗಾಡಿ ಹೋಗುತ್ತವೋ ಎಂದು ಕೇಳಿದರು.