ಆಟ ಕಾರ್ಯವಾದಾಗ

ಕಳೆದ ಬೇಸಿಗೆಯಲ್ಲಿ ಅಟ್ಟ ಗುಡಿಸುವಾಗ ಹಳೆಯ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ರಬ್ಬರ್ ಬ್ಯಾಂಡಿಗೆ ಅಂಟಿಕೊಂಡ ಟ್ರಂಪ್ ಕಾರ್ಡುಗಳು. ಡಬ್ಲ್ಯು.ಡಬ್ಲ್ಯು.ಎಫ್. ಕುಸ್ತಿಯ ಜಟ್ಟಿಗಳ ಚಿತ್ರ, ಅದರಡಿಯಲ್ಲಿ ಎತ್ತರ, ತೂಕ, ಎದೆಯಳತೆ, ಆಡಿದ ಕುಸ್ತಿ, ಗೆದ್ದ ಕುಸ್ತಿ. 1990ರ ದಶಕದಲ್ಲಿ ಶಾಲೆಗೆ ಹೋದವರ ಮನೆಯಲ್ಲಿ ಇಂಥ ಒಂದು ಕಟ್ಟು ಇಲ್ಲದಿದ್ದರೆ ಆಶ್ಚರ್ಯ. ಒಂಬತ್ತನೆಯ ತರಗತಿಯ ನನ್ನ ಮಗ ಒಂದೊಂದಾಗಿ ತಿರುವಿ ನೋಡಿದ. ಆಮೇಲೆ ಬಹಳ ಸಾವಧಾನದಿಂದ ಕೇಳಿದ: "ಅಪ್ಪ, ಇದೆಲ್ಲ ಸುಳ್ಳಲ್ವಾ? ಮೊದಲೇ ಬರೆದಿಟ್ಟು ಆಡುವುದು. ಮತ್ತೆ 'ಗೆದ್ದ ಕುಸ್ತಿ' ಅಂತ ಯಾವ ಲೆಕ್ಕ ಬರೆದಿದ್ದಾರೆ?"

ಉತ್ತರ ಕೂಡಲೇ ಹೊಳೆಯಲಿಲ್ಲ. ಹೊಳೆಯದೆ ಇದ್ದುದಕ್ಕೆ ಸ್ವಲ್ಪ ಸಿಟ್ಟೂ ಬಂತು.

ನನ್ನದು ಬ್ಯಾಂಕಿನ ಕೆಲಸ. ಕೌಂಟರಿನಲ್ಲಿ ಕೂತು ನೋಟು ಎಣಿಸುವವನಿಗೆ 'ಸುಳ್ಳು' ಎಂಬ ಮಾತಿನಲ್ಲಿ ಎರಡು ಬಗೆ ಕಾಣುತ್ತದೆ. ಜಾತ್ರೆಯ ಸಂತೆಯಲ್ಲಿ ಮಕ್ಕಳಿಗೆಂದು ಮಾರುವ ಆಟದ ನೋಟಿನ ಮೇಲೂ ಐನೂರು ಎಂದು ಅಚ್ಚಾಗಿರುತ್ತದೆ. ಅದನ್ನು ಯಾರೂ ಖೋಟಾ ನೋಟು ಎನ್ನುವುದಿಲ್ಲ, ಅದನ್ನು ಇಟ್ಟುಕೊಂಡ ಮಗುವನ್ನು ಯಾರೂ ಠಾಣೆಗೆ ಕರೆದೊಯ್ಯುವುದಿಲ್ಲ. ಖೋಟಾ ನೋಟಿನ ಜಾತಿ ಬೇರೆ. ಅದರ ಕಾಗದ, ಬಣ್ಣ, ನೂಲು ಎಷ್ಟು ಚಂದ ಉಂಟು ಎಂಬುದರಲ್ಲಿ ಅಪರಾಧವಿಲ್ಲ. ತೆಗೆದುಕೊಳ್ಳುವವನಿಗೆ ಗೊತ್ತಿಲ್ಲ ಎಂಬುದರಲ್ಲಿ ಉಂಟು. ಹಾಗಾದರೆ ಮಗ ಹೇಳಿದ ಸುಳ್ಳು ಇವೆರಡರಲ್ಲಿ ಯಾವುದು?

ನಮ್ಮ ವಠಾರಕ್ಕೆ ಕೇಬಲ್ ಟಿ.ವಿ. ಬಂದ ಹೊಸದರಲ್ಲಿ ಸಂಪರ್ಕ ಇದ್ದದ್ದು ಒಂದೇ ಮನೆಯಲ್ಲಿ. ಅದು ಮಲಯಾಳಂ ಮಾತಾಡುವವರ ಮನೆ. ಸಂಜೆ ಹೊತ್ತಿಗೆ ಮಕ್ಕಳು ಚಾಪೆಯ ಮೇಲೆ, ನನ್ನ ಅಜ್ಜ ಬಾಗಿಲ ಬಳಿಯ ಕುರ್ಚಿಯಲ್ಲಿ. ಅಂಡರ್‌ಟೇಕರ್‌ಗೆ ಏಳು ಜನ್ಮ ಉಂಟೆಂದು ನಾವು ಪ್ರಾಮಾಣಿಕವಾಗಿ ನಂಬಿದ್ದೆವು. 1994ರ ಜನವರಿಯಲ್ಲಿ ಅವನನ್ನು ಶವಪೆಟ್ಟಿಗೆಗೆ ಹಾಕಿದರು, ಆಗಸ್ಟಿನಲ್ಲಿ ಎದ್ದು ಬಂದ; ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ಅಜ್ಜ ಮಾತ್ರ ಐದು ನಿಮಿಷ ನೋಡಿ, "ಇದು ಆಟ," ಎಂದು ತೀರ್ಪು ಕೊಟ್ಟರು. ನಮ್ಮ ಕಡೆ ಆಟವೆಂದರೆ ಯಕ್ಷಗಾನವೂ ಹೌದಷ್ಟೆ. ಅವರು ಬಳಸಿದ್ದು ಆ ಅರ್ಥದಲ್ಲಿ, ಗೌರವದಿಂದಲೇ. ಒಬ್ಬ ಬಣ್ಣದ ವೇಷ, ಒಬ್ಬ ರಾಜವೇಷ, ಒಬ್ಬ ಹಾಸ್ಯಗಾರ ಎಂದು ಜಟ್ಟಿಗಳನ್ನು ವಿಂಗಡಿಸಿಯೂ ಬಿಟ್ಟರು. ಭೀಮನ ಕೈಯಲ್ಲಿ ಸತ್ತ ಕೀಚಕ ಚೌಕಿಯಲ್ಲಿ ಭೀಮನ ಬದಿಯಲ್ಲೇ ಕೂತು ಚಾ ಕುಡಿಯುವುದನ್ನು ಕಂಡವರಿಗೆ ಇದರಲ್ಲಿ ಮೋಸ ಕಾಣಬೇಕಾದ್ದಿಲ್ಲ.

ಅಜ್ಜ ಐದು ನಿಮಿಷದಲ್ಲಿ ಕಂಡದ್ದನ್ನು ಕಂಪನಿಯವರು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿದಿತ್ತು. ಇದು ಆಟವೆಂಬ ಗುಟ್ಟನ್ನು ಹೊರಗಿನವರೆದುರು ಬಿಟ್ಟುಕೊಡಬಾರದೆಂಬ ಕಟ್ಟುಪಾಡಿಗೆ ಆ ವೃತ್ತಿಯಲ್ಲಿ 'ಕೇಫೇಬ್' ಎಂದು ಹೆಸರು. ಖಳನೂ ನಾಯಕನೂ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳಬಾರದು ಎನ್ನುವಷ್ಟು ಕಟ್ಟುನಿಟ್ಟು. 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ಡಬ್ಲ್ಯು.ಡಬ್ಲ್ಯು.ಎಫ್. ಕಡೆಯವರೇ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಹೇಳಿಕೊಂಡರು. ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಕ್ರೀಡೆಯೆಂದಾದರೆ ಸರಕಾರದ ಕ್ರೀಡಾ ಆಯೋಗದ ಹಿಡಿತ, ತೆರಿಗೆ ಎಲ್ಲ ಮೈಮೇಲೆ ಬರುತ್ತಿತ್ತು. ಅಂತೂ ಆಟದ ನೋಟಿನ ಮೇಲೆ ಆಟದ ನೋಟೆಂದು ಅಚ್ಚಾಯಿತು. ಆಮೇಲಿನ ಹತ್ತು ವರ್ಷ ಪ್ರೇಕ್ಷಕನಿಗೆ ಮೋಸವಾಯಿತೆಂದು ಹೇಳುವ ಹಾಗಿಲ್ಲ. ನಾವು ಕೇಳಬೇಕಾದ್ದು, ಬೇರೆ ಯಾರಿಗಾದರೂ ಆಯಿತೇ ಎಂದು.

ಆ ದಶಕದ ಅತ್ಯುತ್ತಮ ಕುಸ್ತಿ ಯಾವುದೆಂದು ಯಾರಾದರೂ ಕೇಳಿದರೆ ನಾನು ತಡವರಿಸುವುದಿಲ್ಲ. 1997ರ ಮಾರ್ಚ್ 23, ಷಿಕಾಗೋ ಬಳಿಯ ರೋಸ್‌ಮಾಂಟ್, ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್. ಬ್ರೆಟ್ ಕೆನಡಾದ ಕ್ಯಾಲ್ಗರಿಯವನು, ಕುಸ್ತಿ ಕಲಿಸುವ ಸ್ಟು ಹಾರ್ಟ್ ಎಂಬವರ ಹನ್ನೆರಡು ಮಕ್ಕಳಲ್ಲಿ ಎಂಟನೆಯವನು. ಅಂದು ಒಳಗೆ ಬರುವಾಗ ಅವನು ಸಜ್ಜನ, ಆಸ್ಟಿನ್ ದುಷ್ಟ. ಹೊರಗೆ ಹೋಗುವಾಗ ಅದಲು ಬದಲು. ಬ್ರೆಟ್‌ನ ಶಾರ್ಪ್‌ಶೂಟರ್ ಪಟ್ಟಿನಲ್ಲಿ ಕಾಲು ಸಿಕ್ಕಿಕೊಂಡು, ಹಣೆಯಿಂದ ರಕ್ತ ಹಲ್ಲಿನ ಸಂದಿಗಿಳಿಯುತ್ತಿದ್ದರೂ ಆಸ್ಟಿನ್ 'ಸೋತೆ' ಎನ್ನಲಿಲ್ಲ, ಪ್ರಜ್ಞೆ ತಪ್ಪಿದ. ಯಾರೂ ಒಂದು ಮಾತು ವಿವರಿಸಿ ಹೇಳದೆ ಸಾವಿರಾರು ಜನರ ಒಲವು ಒಬ್ಬನಿಂದ ಇನ್ನೊಬ್ಬನಿಗೆ ಹರಿದು ಹೋಯಿತು. ಒಳ್ಳೆಯ ಅರ್ಥಧಾರಿ ಪ್ರತಿನಾಯಕನ ಕಡೆಗೆ ಸಭೆಯನ್ನು ಒಲಿಸಿಕೊಳ್ಳುವುದುಂಟಲ್ಲ, ಹಾಗೆ.

ಈ ಕುಸ್ತಿಯ ಬಗ್ಗೆ ಬ್ರೆಟ್ ಆಮೇಲೆ ಹೇಳಿದ ಒಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ರಕ್ತ ತೋರಿಸಬಾರದೆಂದು ಆಗ ಕಂಪನಿಯ ನಿಯಮ. ಅವರಿಬ್ಬರೂ ಮಾತಾಡಿಕೊಂಡು, ಧಣಿಗೆ ತಿಳಿಯದಂತೆ ಆಸ್ಟಿನ್‌ನ ಹಣೆಗೆ ಬ್ರೆಟ್ ಬ್ಲೇಡು ತಾಗಿಸಿದನಂತೆ. ಓಡಾಡುತ್ತಾ, ಹೊಡೆದಾಡುತ್ತಾ, ಕಣ್ಣಿನಿಂದ ಎರಡಂಗುಲ ದೂರದಲ್ಲಿ ಇನ್ನೊಬ್ಬ ಬ್ಲೇಡು ಹಿಡಿಯಲು ಬಿಡಬೇಕಾದರೆ ಎಂಥ ನಂಬಿಕೆ ಬೇಕು! ಇಡೀ ಆಟ ನಿಂತಿರುವುದೇ ಇದರ ಮೇಲೆ. ಎತ್ತಿ ಒಗೆಸಿಕೊಳ್ಳುವವನು ಒಗೆಯುವವನ ಕೈಗೆ ತನ್ನ ಕತ್ತನ್ನು ಕೊಟ್ಟಿರುತ್ತಾನೆ. ದ್ವೇಷ ತೋರಿಕೆ, ನಂಬಿಕೆ ನಿಜ. (ಧಣಿಗೆ ತಿಳಿಸದೆ ಮಾಡಿದ್ದು ಸರಿಯೇ ಎಂದು ಕೇಳಿದರೆ ನೌಕರನಾದ ನಾನು ಉತ್ತರಿಸದಿರುವುದೇ ಲೇಸು.)

ಅದೇ ವರ್ಷ ಆಗಸ್ಟ್ 3ರಂದು ಬ್ರೆಟ್‌ನ ತಮ್ಮ ಓವನ್ ಹಾರ್ಟ್, ಆಸ್ಟಿನ್‌ನನ್ನು ತಲೆಕೆಳಗಾಗಿ ಹಿಡಿದು ಕುಳಿತುಬಿಟ್ಟಾಗ ಲೆಕ್ಕ ಕೆಲವು ಅಂಗುಲ ತಪ್ಪಿತು. ಆಸ್ಟಿನ್‌ನ ಕತ್ತಿಗೆ ಪೆಟ್ಟಾಗಿ ಕೈಕಾಲು ಆಡದಾಯಿತು. ಆಗ ಓವನ್ ಏನು ಮಾಡಿದ? ಸಭೆಯ ಕಡೆ ತಿರುಗಿ ಅಣಕಿಸತೊಡಗಿದ. ದುಷ್ಟ ಮೆರೆಯುತ್ತಿದ್ದಾನೆಂದು ಜನ ಬೊಬ್ಬೆ ಹಾಕಿದರು. ಅವನು ನಿಜವಾಗಿ ಹೊತ್ತು ಕಳೆಯುತ್ತಿದ್ದ, ಬಿದ್ದವನಿಗೆ ಚೇತರಿಸಲು ಎಡೆ ಕೊಡುತ್ತಿದ್ದ. ಕೊನೆಗೆ ಆಸ್ಟಿನ್ ಹೇಗೋ ತೆವಳಿ ಬಂದು ಹಿಡಿದಾಗ ಓವನ್ ಬಿದ್ದುಕೊಟ್ಟ. ವೇಷ ಕಳಚದೆ ಕರುಣೆ ತೋರಿದ ಇಂಥ ಇನ್ನೊಂದು ಗಳಿಗೆ ನನಗೆ ಗೊತ್ತಿಲ್ಲ, ತಪ್ಪು ಅವನದೇ ಆಗಿದ್ದರೂ.

ಇನ್ನು ಮಾಂಟ್ರಿಯಲ್. 1997ರ ನವೆಂಬರ್ 9. ಬ್ರೆಟ್ ಆಗ ಚಾಂಪಿಯನ್. ಹಿಂದಿನ ವರ್ಷ ಅವನಿಗೆ ಇಪ್ಪತ್ತು ವರ್ಷದ ಕರಾರು ಕೊಟ್ಟಿದ್ದ ಧಣಿ ವಿನ್ಸ್ ಮೆಕ್‌ಮಹನ್, ಹಣದ ಮುಗ್ಗಟ್ಟು ಬಂದಾಗ ಎದುರಾಳಿ ಕಂಪನಿಗೆ ಹೋಗಲು ತಾನೇ ದಾರಿ ಬಿಟ್ಟಿದ್ದ. ಹೋಗುವ ಮೊದಲು ಪಟ್ಟ ಬಿಡಬೇಕು, ಸರಿ. ಆದರೆ ಕೆನಡಾದ ನೆಲದಲ್ಲಿ, ತನಗೆ ಆಗದ ಶಾನ್ ಮೈಕಲ್ಸ್‌ನಿಗೆ ಸೋಲಲಾರೆ ಎಂದು ಬ್ರೆಟ್ ಹಟ ಹಿಡಿದ. ಕುಸ್ತಿ ಗೊಂದಲದಲ್ಲಿ ಮುಗಿಯಲಿ, ಪಟ್ಟವನ್ನು ಆಮೇಲೆ ಒಪ್ಪಿಸುತ್ತೇನೆ ಎಂದು ಮಾತಾಯಿತು. ಮೋಸ ಮಾಡುವುದಿಲ್ಲವೆಂದು ರೆಫರಿ ಅರ್ಲ್ ಹೆಬ್ನರ್ ತನ್ನ ಮಕ್ಕಳ ಮೇಲೆ ಆಣೆ ಇಟ್ಟಿದ್ದನೆಂದು ಬ್ರೆಟ್ ಹೇಳುತ್ತಾನೆ. ಕುಸ್ತಿಯ ನಡುವೆ ಮೈಕಲ್ಸ್, ಬ್ರೆಟ್‌ನದೇ ಶಾರ್ಪ್‌ಶೂಟರ್ ಪಟ್ಟನ್ನು ಬ್ರೆಟ್‌ನ ಮೇಲೆ ಹಾಕಿದ. ಬ್ರೆಟ್ ಸೋಲೊಪ್ಪಲಿಲ್ಲ. ಆದರೂ ಧಣಿ ಅಂಚಿನಲ್ಲಿ ನಿಂತು ಗಂಟೆ ಹೊಡೆಸಿದ, ರೆಫರಿ ಕೈ ಬೀಸಿದ, ಮುಗಿಯಿತು. ಬ್ರೆಟ್ ಧಣಿಯ ಮುಖಕ್ಕೆ ಉಗುಳಿದ. ಚೌಕಿಯಲ್ಲಿ ಗುದ್ದಿಯೂ ಬಿಟ್ಟ. ಆ ಗುದ್ದು ಯಾರೂ ಬರೆದುಕೊಟ್ಟದ್ದಲ್ಲ.

ಬರೆದಿಟ್ಟ ಸೋಲಿಗೆ ಇಷ್ಟು ಕಣ್ಣೀರು ಯಾಕೆಂದು ಕೇಳುವವರಿದ್ದಾರೆ. ನಾನೂ ಕೇಳಿಕೊಂಡಿದ್ದೇನೆ. ಹೇಗೂ ಬಿಡಬೇಕಾದ ಪಟ್ಟ, ತಗಡಿನ ಬೆಲ್ಟು. ಧಣಿಯ ಪಕ್ಷದಲ್ಲೂ ನ್ಯಾಯವಿಲ್ಲದೆ ಇಲ್ಲ: ಬೆಲ್ಟು ಹೊತ್ತುಕೊಂಡೇ ಬ್ರೆಟ್ ಎದುರಾಳಿಗಳ ಅಂಗಳದಲ್ಲಿ ನಿಂತರೆ ನೂರಾರು ಜನರ ಅನ್ನದ ಪ್ರಶ್ನೆ. ಆದರೂ ಆ ಗಳಿಗೆಯನ್ನು ನೋಡಿ. ಬ್ರೆಟ್ ತನ್ನ ಕಾಲುಗಳನ್ನು ಮೈಕಲ್ಸ್‌ನ ಕೈಗೆ ತಾನಾಗಿ ಕೊಟ್ಟಿದ್ದಾನೆ. ಆಟದ ನಿಯಮದಂತೆ ಕೊಡಲೇಬೇಕು. ಹಾಗೆ ಕೊಟ್ಟ ಹೊತ್ತಿಗೇ ಅವನನ್ನು ಹಿಡಿದರು. ಆ ಕಟ್ಟಡದಲ್ಲಿ ಅಂದು ಖೋಟಾ ನೋಟು ಸಿಕ್ಕಿದ್ದು ಪ್ರೇಕ್ಷಕರಿಗಲ್ಲ, ಬ್ರೆಟ್‌ಗೆ. ಮತ್ತೆ ಧಣಿ ಅದನ್ನೂ ನಗದು ಮಾಡಿಕೊಂಡ. ಈ ದ್ರೋಹದಿಂದ ಹುಟ್ಟಿದ ಜನರ ಸಿಟ್ಟನ್ನೇ ಬಂಡವಾಳವಾಗಿಸಿ 'ಮಿಸ್ಟರ್ ಮೆಕ್‌ಮಹನ್' ಎಂಬ ದುಷ್ಟ ಧಣಿಯ ವೇಷ ಕಟ್ಟಿದ. ಅದು ವರ್ಷಗಟ್ಟಲೆ ಓಡಿತು.

ಮಿಕ್ ಫೋಲಿಯ ಲೆಕ್ಕ ಇನ್ನೂ ಜಟಿಲ. 1998ರ ಜೂನ್ 28ರಂದು ಪಿಟ್ಸ್‌ಬರ್ಗಿನಲ್ಲಿ ಅಂಡರ್‌ಟೇಕರ್ ಅವನನ್ನು ಸುಮಾರು ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಕೆಳಗಿನ ಮೇಜಿಗೆ ಎಸೆದ. ಅದು ಮೊದಲೇ ಒಪ್ಪಿಕೊಂಡದ್ದು. ಅವನು ಮತ್ತೆ ಹತ್ತಿದಾಗ ಪಂಜರದ ಮಾಡೇ ಕಿತ್ತು ಬಂದು ಎರಡನೆಯ ಸಲ ಒಳಕ್ಕೆ ಬಿದ್ದದ್ದು ಯಾರ ಎಣಿಕೆಯಲ್ಲೂ ಇರಲಿಲ್ಲ. ಹಲ್ಲಿನ ಚೂರು ಮೂಗಿನ ಹೊಳ್ಳೆಗೆ ಸಿಕ್ಕಿಕೊಂಡಿತ್ತು. ಫೋಲಿ ಅಳಿದುಳಿದ ಹಲ್ಲಿನಲ್ಲಿ ನಕ್ಕ. ನಾವು ಚಾಪೆಯ ಮೇಲೆ ಚಪ್ಪಾಳೆ ಹೊಡೆದೆವು. ಆ ಮನೆಯ ಹಿರಿಯಾಕೆ ಮಾತ್ರ "ಕಳಿ ಕಾರ್ಯಮಾಯಿ" ಎಂದು ಎದ್ದು ಒಳಗೆ ಹೋದರು. ಆಟ ಹೋಗಿ ಕಾರ್ಯವೇ ಆಯಿತು ಎಂದರ್ಥ. ಅಜ್ಜ ತಲೆಯಾಡಿಸಿದರು.

ಆದರೆ ಬೀಳುವವನು ತಾನೇ ಒಪ್ಪಿ ಬಿದ್ದ ಎನ್ನಬಹುದು. 1999ರ ಜನವರಿ 24ಕ್ಕೆ ಬಂದರೆ ಈ ಸಮಾಧಾನವೂ ಉಳಿಯುವುದಿಲ್ಲ. ಅಂದು ಎದುರಾಳಿ ರಾಕ್. ಕುಸ್ತಿಗೆ ಮೊದಲು ಫೋಲಿ ತನ್ನ ಮಕ್ಕಳಿಗೆ ಇದು ಆಟ, ಈ ಮಾಮ ನನ್ನ ಸ್ನೇಹಿತ ಎಂದು ತಿಳಿಹೇಳಿದ್ದ. ಆಮೇಲೆ ಹೆಂಡತಿ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅವನ ಎರಡು ಕೈಗೆ ಬೇಡಿ ಹಾಕಿ ಕಬ್ಬಿಣದ ಕುರ್ಚಿಯಿಂದ ತಲೆಗೆ ಹೊಡೆದದ್ದು ಹನ್ನೊಂದು ಏಟು, ಮಾತಾಗಿದ್ದದ್ದಕ್ಕಿಂತ ಹೆಚ್ಚು. ಮಕ್ಕಳು ಕಿರುಚಿ ಅತ್ತದ್ದು ಅದೇ ವರ್ಷ ಬಂದ 'ಬಿಯಾಂಡ್ ದ ಮ್ಯಾಟ್' ಎಂಬ ಸಾಕ್ಷ್ಯಚಿತ್ರದಲ್ಲಿ ಉಂಟು. ಕೊನೆಗೆ ಫೋಲಿಯ ಬಾಯಿಂದ 'ಸೋತೆ' ಎಂದು ಕೇಳಿಸಿದ್ದು ಹಿಂದೆಂದೋ ಧ್ವನಿಮುದ್ರಿಸಿದ್ದ ಮಾತು. ಸೋಲು ಕಟ್ಟುಕತೆ, ಏಟು ನಿಜ. ಬೇರೆಲ್ಲ ಪ್ರೇಕ್ಷಕರಿಗೂ ಒಪ್ಪಂದ ಗೊತ್ತಿತ್ತು. ಆ ಮಕ್ಕಳಿಗೆ ಅಪ್ಪ ಹೇಳಿದ ಮಾತು ಮಾತ್ರ ಅವರ ಕಣ್ಣೆದುರಿಗೇ ಸುಳ್ಳಾಯಿತು. ಫೋಲಿ ದುಷ್ಟನಲ್ಲ, ಬಹಳ ಮೃದು ಮನುಷ್ಯ, ಒಳ್ಳೆಯ ಬರಹಗಾರ ಕೂಡ. ಆ ಚಿತ್ರದಲ್ಲಿ ಮಕ್ಕಳ ಮುಖ ನೋಡುವಾಗ ಅವನ ಮುಖವನ್ನು ನೋಡಿದರೆ ನಾವು ಬೇರೆ ಬೈಯಬೇಕಾಗಿಲ್ಲ.

ನಾಲ್ಕು ತಿಂಗಳು ಕಳೆದು, ಮೇ 23ರಂದು, ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್. ಅವನಿಗೆ ಕೊಟ್ಟದ್ದು ಹಾಸ್ಯದ ವೇಷ, ನೀಲಿ ಮುಸುಕಿನ ಪೆದ್ದು ಮಹಾವೀರ. ಮಾಡಿನಿಂದ ಹಗ್ಗದಲ್ಲಿ ಇಳಿದು, ನೆಲ ಹತ್ತಿರ ಬಂದಾಗ ಕೊಕ್ಕೆ ಬಿಚ್ಚಿ ಧೊಪ್ಪನೆ ಬಿದ್ದು ನಗಿಸಬೇಕು. ಕೊಕ್ಕೆ ಮೇಲೆಯೇ ಬಿಚ್ಚಿಕೊಂಡಿತು. 78 ಅಡಿ. ಪ್ರಾಯ 34. ಟಿ.ವಿ.ಯಲ್ಲಿ ವಿವರಣೆಗಾರ ಜಿಮ್ ರಾಸ್ ಇದು ಆಟದ ಭಾಗವಲ್ಲವೆಂದು ಮತ್ತೆ ಮತ್ತೆ ಹೇಳಬೇಕಾಯಿತು. ತೋಳ ಬಂತು ತೋಳ ಎಂದವನ ಕತೆ ಗೊತ್ತಲ್ಲ. ಅವನು ತೀರಿಕೊಂಡ ಸುದ್ದಿಯನ್ನು ಟಿ.ವಿ. ನೋಡುವವರಿಗೆ ಹೇಳಿದರು, ಸಭಾಂಗಣದಲ್ಲಿ ಕೂತವರಿಗೆ ಹೇಳಲಿಲ್ಲ. ಆಟ ಮುಂದುವರಿಯಿತು. ಅವನು ಬಿದ್ದ ಅದೇ ಹಲಗೆಯ ಮೇಲೆ ಬೇರೆಯವರು ಬಿದ್ದು ಎದ್ದರು, ಜನ ಹುರುಪಿನಿಂದ ಕೂಗಿದರು. ಸಾವಿನ ಮನೆಯಲ್ಲಿ ತಮಗೆ ಗೊತ್ತಿಲ್ಲದೆ ನಗುವಂತೆ ಮಾಡಿದರಲ್ಲ, ಅವರೊಡನೆ ಯಾರು ಯಾವ ಒಪ್ಪಂದ ಮಾಡಿಕೊಂಡಿದ್ದರು? 2000ದಲ್ಲಿ ಕಂಪನಿ ಕುಟುಂಬಕ್ಕೆ 1 ಕೋಟಿ 80 ಲಕ್ಷ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು.

ನಮ್ಮ ವಠಾರದ ಮಕ್ಕಳಿಗೆ ಈ ಸುದ್ದಿ ತಲುಪಿದಾಗ ಯಾರೂ ನಂಬಲಿಲ್ಲ. ಆಗಸ್ಟಿನಲ್ಲಿ ಎದ್ದು ಬರುತ್ತಾನೆ ಎಂದು ಒಬ್ಬ ಪಂಥ ಕಟ್ಟಿದ. ನಾನೂ ನಾಲ್ಕಾಣೆ ಇಟ್ಟಿದ್ದೆ.

ಈ ಕತೆಯನ್ನೆಲ್ಲ ಮಗನಿಗೆ ತುಂಡುತುಂಡಾಗಿ ಹೇಳಿದೆ. ಅವನು ಮೊಬೈಲಿನಲ್ಲಿ ಹುಡುಕಿ ಇನ್ನೊಂದು ದೃಶ್ಯ ತೆಗೆದ: 2010ರ ಜನವರಿ 4, ಡೇಟನ್ ಪಟ್ಟಣ. ಹನ್ನೆರಡು ವರ್ಷದ ಮೇಲೆ ಬ್ರೆಟ್ ಅದೇ ಕಂಪನಿಯ ಅಂಗಳಕ್ಕೆ ಬಂದಿದ್ದಾನೆ, ಎದುರಿಗೆ ಶಾನ್ ಮೈಕಲ್ಸ್. ಇಬ್ಬರಿಗೂ ಪ್ರಾಯ ಸಂದಿದೆ. ಮಾಂಟ್ರಿಯಲ್ ಬಗ್ಗೆ ಮಾತಾಡಿದರು, ಕೈ ಕುಲುಕಿದರು. ಬ್ರೆಟ್ ಹೊರಡಲು ತಿರುಗಿದಾಗ ಮೈಕಲ್ಸ್ ಹಿಂದಿನಿಂದ ಎರಡು ಹೆಜ್ಜೆ ಬಂದ. ಎಂದಿನ ಒದೆ ಈಗ ಬೀಳುತ್ತದೆಂದು ಸಭೆ ಉಸಿರು ಹಿಡಿಯಿತು, ಮಗನೂ ಹಿಡಿದ. ಒದೆ ಬೀಳಲಿಲ್ಲ. ತಬ್ಬಿಕೊಂಡರು.

"ಇದೂ ಬರೆದದ್ದಾ ಅಪ್ಪ?" ಎಂದು ಮಗ ಕೇಳಿದ. ಮತ್ತೊಮ್ಮೆ ಹಾಕು ನೋಡುವಾ ಎಂದೆ.