ಹಸಿದವರ ಹಾಡಿಗೆ ಕೂಲಿ

ಹಸಿದವನು ಹಾಡಿದರೆ ಕಲೆ ಗೆದ್ದಿತು ಅನ್ನುವವರಿದ್ದಾರೆ. ಹೊಟ್ಟೆ ತುಂಬಿದವರೇ ಹೆಚ್ಚಾಗಿ ಹೀಗನ್ನುತ್ತಾರೆ. ಅವರು ತೋರಿಸುವ ದೊಡ್ಡ ಸಾಕ್ಷಿ ಲೆನಿನ್‌ಗ್ರಾಡ್.

1941ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೈನ್ಯ ಆ ಊರನ್ನು ಮುತ್ತಿತು. ಮುತ್ತಿಗೆ ಪೂರ್ತಿ ಹರಿದದ್ದು 1944ರ ಜನವರಿಯಲ್ಲಿ. ಮೊದಲ ಚಳಿಗಾಲದಲ್ಲಿ ಕೆಲವು ವಾರ ಕಾರ್ಮಿಕನಿಗೆ ದಿನಕ್ಕೆ 250 ಗ್ರಾಂ ರೊಟ್ಟಿ, ಉಳಿದವರಿಗೆ 125. ಅಂಥ ಊರಲ್ಲಿ 1942ರ ಆಗಸ್ಟ್ 9ರಂದು ರೇಡಿಯೋ ವಾದ್ಯಮೇಳದವರು ಶೋಸ್ತಕೋವಿಚ್‌ನ ಏಳನೇ ಸಿಂಫನಿ ನುಡಿಸಿದರು. ಧ್ವನಿವರ್ಧಕದಲ್ಲಿ ಅದು ಶತ್ರುವಿನ ಕಂದಕದವರೆಗೂ ಹೋಯಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮೊದಲ ತಾಲೀಮಿನ ಕಥಿ ಹೇಳ್ರಪಾ ಅಂದರೆ ದನಿ ತಗ್ಗುತ್ತದೆ. ಬಂದವರು ಹದಿನೈದರ ಆಸುಪಾಸು. ಊದುವವರಿಗೆ ಉಸಿರಿರಲಿಲ್ಲ. ನಿರ್ದೇಶಕ ಎಲಿಯಾಸ್‌ಬರ್ಗ್ ತಾಲೀಮನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ತಾಲೀಮಿನ ದಿನಗಳಲ್ಲೇ ಕೆಲವರು ಸತ್ತರು. ದಂಡಿನ ವಾದ್ಯದವರನ್ನು ಕರೆತಂದರು, ನುಡಿಸುವವರಿಗೆ ಹೆಚ್ಚಿನ ಪಡಿ ಕೊಟ್ಟರು, ಆಮೇಲೆ ಸಿಂಫನಿ ಎದ್ದು ನಿಂತಿತು. ಗೆದ್ದದ್ದು ಏನು, ನೀವೇ ಹೇಳಿ. ಕೊಳಲಿಗೆ ಗಾಳಿ ಹೋಗಬೇಕಾದರೆ ಮೊದಲು ಹೊಟ್ಟೆಗೆ ಹಿಟ್ಟು ಇಳಿಯಬೇಕು.

ಈಗ ನಮ್ಮ ಬಳ್ಳಾರಿಗೆ ಬರೋಣ. 1876-78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಬಹಳ ಹೆಣ ಬಿದ್ದ ಜಿಲ್ಲೆಗಳಲ್ಲಿ ಇದೂ ಒಂದು. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರಿಸಿದ. ಕಹಳೆ, ಬ್ಯಾಂಡು, ಔತಣ. ಅದೇ ತಿಂಗಳು ರಿಚರ್ಡ್ ಟೆಂಪಲ್ ಬರದ ಕಾಮಗಾರಿಯ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸಿಗೆ ಇಳಿಸಿದ. ಇಲ್ಲೂ ಸಂಗೀತವಿತ್ತು, ಹಸಿವಿತ್ತು. ಆದರೆ ಒಂದು ದೆಹಲಿಯಲ್ಲಿ, ಇನ್ನೊಂದು ಬಳ್ಳಾರಿಯಲ್ಲಿ. ಲೆನಿನ್‌ಗ್ರಾಡಿನಲ್ಲಿ ನುಡಿಸಿದವರೂ ಒಣಗಿದ್ದರು, ಕೇಳಿದವರೂ ಒಣಗಿದ್ದರು (ಪಕ್ಷದ ದೊಡ್ಡವರ ಮಾತು ಬಿಡಿ). ಆ ಸಿಂಫನಿ ನನಗೆ ದೊಡ್ಡದಾಗಿ ಕಾಣುವುದು ಇಲ್ಲಿ.

ಮೇಲಿನವರ ಆಜ್ಞೆಗೆ ನುಡಿಸಿದರಲ್ಲ, ಅದೂ ಬಿಟ್ಟಿಚಾಕರಿಯೇ ಅಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ಪ್ರಶ್ನೆ ಸಣ್ಣದಲ್ಲ. ಊರ ದ್ಯಾವರ ಮುಂದೆ ಹಲಗೆ ಬಡಿಯುವ ನಮ್ಮವರಿಗೆ ಒಲ್ಲೆ ಅನ್ನುವ ಹಕ್ಕಿರಲಿಲ್ಲ. ರಷ್ಯಾದ ಆ ವಾದಕರಿಗೆ ಇತ್ತೆಂದು ನಾನು ಹೇಳಲಾರೆ. ಆದರೆ ನುಡಿಸಿದ್ದಕ್ಕಾಗಿ ಅವರು ಬಾಗಿಲ ಹೊರಗೆ ನಿಲ್ಲಲಿಲ್ಲ. ನಮ್ಮವನ ಹಲಗೆಯ ಸದ್ದು ಗುಡಿಯೊಳಗೆ ಹೋಗ್ತದ, ಬಡಿದ ಕೈ ಹೋಗಂಗಿಲ್ಲ.

ದರೋಜಿಯ ಈರಮ್ಮನನ್ನು ನೆನೆಯಿರಿ. ಬುಡ್ಗ ಜಂಗಮರ ಹೆಣ್ಣುಮಗಳು. 1930ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡವರು. ಅಕ್ಷರ ಕಲಿಯದ ಆ ತಾಯಿಯ ನಾಲಿಗೆ ಮೇಲೆ ಹನ್ನೆರಡು ಮಹಾಕಾವ್ಯ, ಬರೆದರೆ ಏಳು ಸಾವಿರ ಪುಟ. ಅದರಲ್ಲಿ ಕುಮಾರರಾಮನದೂ ಒಂದು. ಅದೂ ಮುತ್ತಿಗೆಯ ಕಥೆಯೇ. 1327ರ ಸುಮಾರಿಗೆ ದೆಹಲಿ ಸುಲ್ತಾನನ ದಂಡು ಕಂಪಿಲಿಯನ್ನು ಮುರಿದದ್ದು. ಊರೂರು ಅಲೆದು, ಮನೆ ಮುಂದೆ ಹಾಡಿ ಕಾಳು ಪಡೆಯುವುದು ಅವರ ಜನದ ಬದುಕು. ರಷ್ಯಾದ ವಾದಕನಿಗೆ ಸಿಕ್ಕಿದ್ದರ ಹೆಸರು ಪಡಿ, ಇವರ ಜೋಳಿಗೆಗೆ ಬಿದ್ದದ್ದರ ಹೆಸರು ಭಿಕ್ಷೆ. ರಾತ್ರಿಯಿಡೀ ಹಾಡಿದವರ ಕೂಲಿಗೆ ಈ ಹೆಸರಿಟ್ಟವರು ಯಾರು? ಕಾಳು ಯಾರ ಹಗೇವಿನಲ್ಲಿತ್ತೋ ಅವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟದ್ದು 2003ರಲ್ಲಿ, ಅವರಿಗೆ ಎಪ್ಪತ್ತು ದಾಟಿದ ಮೇಲೆ.

ಸಿರುಗುಪ್ಪದ ಕಡೆ ತುಂಗಭದ್ರೆಯ ನೀರಿಗೆ ಭತ್ತದ ರಾಶಿ ಬೀಳುತ್ತದೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು ಎಳೆಯುವಾಗ ವಾದ್ಯ ಬೇಕೇ ಬೇಕು. ಮಳೆ ಬಂದ ವರ್ಷವೂ ಹಾಡುವವರ ಒಲೆ ತಣ್ಣಗಿದ್ದರೆ ಆ ಕೇರಿಗೆ ಮುತ್ತಿಗೆ ಹಾಕಿದವರು ಯಾವ ದೇಶದಿಂದ ಬಂದರು?

ಸಮ್ಮೇಳನ ಮಾಡುವ ಗೆಳೆಯರಿಗೂ, ಶಾಲಾ ವಾರ್ಷಿಕೋತ್ಸವ ನಡೆಸುವ ಮೇಷ್ಟ್ರುಗಳಿಗೂ ಒಂದು ಮಾತು. ಈ ಸಲ ಖರ್ಚಿನ ಪಟ್ಟಿ ತೆಗೆದು ನೋಡಿ. ಭಾಷಣಕಾರನ ಹೆಸರಿನ ಎದುರು ಒಂದು ಮೊತ್ತ ಇರುತ್ತದೆ. ಹಲಗೆಯವರದು ಯಾವ ಸಾಲಿನಲ್ಲಿದೆ, ಹೆಸರಿನ ಎದುರೋ, ‘ಇತರೆ’ಯಲ್ಲೋ?